ಮನೆ ಕಂಪ್ಯೂಟರಿಗೆ ಸ್ಕ್ಯಾನರ್ ಓಡಿಸಿದರೆ ಸಾಕಾ, ಫಾರ್ಮ್ಯಾಟ್ ಮಾಡಿಸಲೇಬೇಕಾ?

ನಿಮ್ಮ ಪ್ರಶ್ನೆ ನನಗೆ ಅರ್ಥ ಆಗಿದ್ದು ಇಷ್ಟು. ಕುಮಟಾದ ಮನೆಯಲ್ಲಿ ಅಪ್ಪ ಬಳಸುವ ಕಂಪ್ಯೂಟರ್ ನಿಧಾನ ಆಗಿದೆ. ಪರದೆಯ ಮೂಲೆಯಲ್ಲಿ ‘ವೈರಸ್ ಇದೆ’ ಅಂತ ಪದೇ ಪದೇ ಬರುತ್ತದೆ. ಏನೋ ಹುಡುಕಿದರೆ ಬೇರೆ ಯಾವುದೋ ಪುಟ ತೆರೆದುಕೊಳ್ಳುತ್ತದೆ. ಆಂಟಿವೈರಸ್ ಮೊದಲೇ ಇದೆ. ಬೇಕಾದಾಗ ಮಾತ್ರ ಓಡಿಸುವ ಉಚಿತ ಸ್ಕ್ಯಾನರ್ ಸಾಕಾ, ಅಥವಾ ಅಂಗಡಿಯವರು ಹೇಳಿದ ಹಾಗೆ ಫಾರ್ಮ್ಯಾಟ್ (ಡಿಸ್ಕಿನಲ್ಲಿರುವುದನ್ನೆಲ್ಲ ಅಳಿಸಿ ವಿಂಡೋಸ್ ಹೊಸದಾಗಿ ಹಾಕುವುದು) ಮಾಡಿಸಬೇಕಾ ಅಂತ ಕೇಳಿದ್ದೀರಿ.

ನಾನು ಶಿರಸಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುತ್ತೇನೆ. ಫಾರ್ಮ್ಯಾಟ್ ಅನ್ನುವುದು ನಮ್ಮ ಕಸುಬಿನವರಿಗೆ ಸುಲಭದ ದಾರಿ. ತಲೆ ಕೆಡಿಸಿಕೊಳ್ಳುವುದು ಬೇಡ, ಸಂಜೆಯೊಳಗೆ ಕೆಲಸ ಮುಗಿಯುತ್ತದೆ, ದುಡ್ಡೂ ಬರುತ್ತದೆ. ನೀವು ಹೇಳಿದ ಲಕ್ಷಣಗಳಿಗೆ ಈಗಲೇ ಅದು ಬೇಡ.

ಮೊದಲು ಆ ಮೂಲೆಯ ಎಚ್ಚರಿಕೆ ನೋಡೋಣ. ‘ವೈರಸ್ ಬಂದಿದೆ’ ಅಂತ ನನ್ನ ಹತ್ತಿರ ತರುವ ಕಂಪ್ಯೂಟರುಗಳಲ್ಲಿ ಬಹಳಷ್ಟಕ್ಕೆ ಇರುವ ಕಾಯಿಲೆ ಇದೇ: ಬ್ರೌಸರ್ ನೋಟಿಫಿಕೇಶನ್. ಯಾವುದೋ ಪುಟ ‘ನೀವು ರೋಬೋಟ್ ಅಲ್ಲ ಅಂತ ತೋರಿಸಲು ಅಲೋ ಒತ್ತಿ’ ಅಂದಿರುತ್ತದೆ, ಅಪ್ಪ ಒತ್ತಿರುತ್ತಾರೆ. ಆಮೇಲೆ ಆ ಸೈಟು ತನಗೆ ಬೇಕಾದಾಗೆಲ್ಲ ಹೆದರಿಸುತ್ತಾ ಇರುತ್ತದೆ. ಕೆಲವದರಲ್ಲಿ ದೊಡ್ಡ ಆಂಟಿವೈರಸ್ ಕಂಪನಿಯ ಗುರುತು ಇರುತ್ತದೆ, ಫೋನ್ ನಂಬರೂ ಇರುತ್ತದೆ. ಆ ನಂಬರಿಗೆ ಫೋನ್ ಮಾಡಬೇಡಿ, ಅವರು ಹೇಳಿದ ಆ್ಯಪ್ ಹಾಕಬೇಡಿ ಅಂತ ಅಪ್ಪನಿಗೆ ಇವತ್ತೇ ಹೇಳಿಬಿಡಿ. ಇದು ಡಿಸ್ಕಿನಲ್ಲಿ ಕುಳಿತ ಪ್ರೋಗ್ರಾಂ ಅಲ್ಲ, ನಾವೇ ಕೊಟ್ಟ ಅನುಮತಿ. ಹಾಗಾಗಿ ಎಷ್ಟು ಸ್ಕ್ಯಾನ್ ಮಾಡಿದರೂ ಏನೂ ಸಿಗದೆ ಹೋಗಬಹುದು. ಕ್ರೋಮಿನಲ್ಲಿ ಸೆಟ್ಟಿಂಗ್ಸ್, ಪ್ರೈವಸಿ, ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಶನ್ಸ್ ಅಂತ ಹೋಗಿ. ಪರಿಚಯ ಇಲ್ಲದ ಸೈಟುಗಳನ್ನೆಲ್ಲ ತೆಗೆಯಿರಿ. ಹಾಗೇ ಎಕ್ಸ್‌ಟೆನ್ಶನ್‌ಗಳನ್ನೂ, ಅಂದರೆ ಬ್ರೌಸರಿಗೆ ಅಂಟಿಕೊಂಡು ಕೆಲಸ ಮಾಡುವ ಸಣ್ಣ ಪ್ರೋಗ್ರಾಂಗಳನ್ನೂ ನೋಡಿ. ಹುಡುಕಿದ್ದು ಬೇರೆ ಕಡೆ ಹೋಗುವುದಕ್ಕೆ ಹೆಚ್ಚಾಗಿ ಅಲ್ಲೇ ಕಾರಣ ಇರುತ್ತದೆ. ಪಿಡಿಎಫ್ ಬದಲಾಯಿಸುವುದು, ಕೂಪನ್ ಹುಡುಕುವುದು ಅಂತ ಸೇರಿಕೊಂಡಿರುತ್ತವೆ. ನಂತರ ಕಂಟ್ರೋಲ್ ಪ್ಯಾನೆಲ್ಲಿನಲ್ಲಿ ಪ್ರೋಗ್ರಾಂಗಳನ್ನು ತಾರೀಖಿನ ಪ್ರಕಾರ ಜೋಡಿಸಿ, ತೊಂದರೆ ಶುರುವಾದ ಹೊತ್ತಿಗೆ ಬಂದವು ಯಾವುವು ಅಂತ ನೋಡಿ.

ಇಷ್ಟಾದ ಮೇಲೆ ಸ್ಕ್ಯಾನರ್.

ಮನೆಯಲ್ಲಿರುವ ಆಂಟಿವೈರಸ್ ಸದಾ ಕಾವಲು ಕಾಯುತ್ತದೆ, ಫೈಲ್ ತೆರೆಯುವಾಗಲೇ ನೋಡುತ್ತದೆ. ನೀವು ಕೇಳಿದ ಸ್ಕ್ಯಾನರ್ ನೀವು ಓಡಿಸಿದಾಗ ಮಾತ್ರ ನೋಡುತ್ತದೆ. ಮಳೆಗೆ ಮೊದಲು ಅಡಿಕೆಗೆ ಬೋರ್ಡೋ ಔಷಧಿ ಹೊಡೆಯುವುದು ಬೇರೆ, ಕೊಳೆ ರೋಗ ಬಂದ ಮೇಲೆ ಬಿದ್ದ ಕಾಯಿ ಆರಿಸುವುದು ಬೇರೆ, ಅಲ್ವಾ? ಎರಡೂ ಬೇಕು, ಒಂದು ಇನ್ನೊಂದರ ಜಾಗಕ್ಕೆ ಬರುವುದಿಲ್ಲ. ಇದರಲ್ಲಿ ಒಂದು ಅನುಕೂಲವೂ ಇದೆ. ಕಾವಲು ಕಾಯುವ ಆಂಟಿವೈರಸ್ ಎರಡು ಹಾಕಿದರೆ ಒಂದರ ಕಾಲಿಗೆ ಒಂದು ಸಿಕ್ಕಿ ಕಂಪ್ಯೂಟರ್ ಇನ್ನೂ ನಿಧಾನ ಆಗುತ್ತದೆ. ಬೇಕಾದಾಗ ಓಡಿಸುವ ಸ್ಕ್ಯಾನರಿಗೆ ಆ ಜಗಳ ಇಲ್ಲ.

ಯಾವುದು ಹಾಕುವುದು? ನಾನು ಮೊದಲು ಓಡಿಸುವುದು ಮೈಕ್ರೋಸಾಫ್ಟ್ ಸೇಫ್ಟಿ ಸ್ಕ್ಯಾನರ್. ಉಚಿತ, ಇನ್‌ಸ್ಟಾಲ್ ಮಾಡುವುದೇ ಬೇಡ, ಇಳಿಸಿಕೊಂಡು ಡಬಲ್ ಕ್ಲಿಕ್ ಮಾಡಿದರೆ ಆಯಿತು. ಇಳಿಸಿದ 10 ದಿನಕ್ಕೆ ಅದರ ಅವಧಿ ಮುಗಿಯುತ್ತದೆ, ಆಮೇಲೆ ಹೊಸದನ್ನೇ ಇಳಿಸಬೇಕು. ಹಳೆಯ ಪಟ್ಟಿ ಇಟ್ಟುಕೊಂಡು ಹೊಸ ಕಳ್ಳನನ್ನು ಹುಡುಕಬಾರದು ಅಂತ ಹಾಗೆ ಮಾಡಿದ್ದಾರೆ. ಫೈಲು 100 ಎಂಬಿಗಿಂತ ಜಾಸ್ತಿ ಇದೆ, ಮೊಬೈಲ್ ಡೇಟಾ ಹಿಡಿದು ಖರ್ಚು ಮಾಡುವವರು ಗಮನಿಸಿ. ಮೈಕ್ರೋಸಾಫ್ಟ್ ಸೈಟಿನಿಂದಲೇ ಇಳಿಸಿ. ಹುಡುಕಾಟದಲ್ಲಿ ಮೊದಲು ಬರುವ ಜಾಹೀರಾತು ಒತ್ತಬೇಡಿ. ಸ್ಕ್ಯಾನರ್ ಹೆಸರಿನಲ್ಲೇ ವೈರಸ್ ಕೊಡುವವರು ಇದ್ದಾರೆ.

ಇದರಲ್ಲಿ ಜನ ಗಾಬರಿ ಆಗುವ ಒಂದು ಜಾಗ ಇದೆ. ಸ್ಕ್ಯಾನ್ ನಡೆಯುತ್ತಿರುವಾಗ ‘ಸೋಂಕು ತಗುಲಿದ ಫೈಲುಗಳು’ ಅಂತ ಲೆಕ್ಕ ಏರುತ್ತದೆ. ಕೊನೆಯಲ್ಲಿ ನೋಡಿದರೆ ಏನೂ ಸಿಕ್ಕಿಲ್ಲ ಅನ್ನುತ್ತದೆ. ಮಧ್ಯದ ಆ ಲೆಕ್ಕ ಬರೀ ಅನುಮಾನದ್ದು. ಕೊನೆಗೆ ಪೂರ್ತಿ ಪರೀಕ್ಷೆ ಮಾಡಿ ಹೇಳಿದ ಫಲಿತಾಂಶವೇ ಲೆಕ್ಕಕ್ಕೆ. ಸಂಶಯ ಇದ್ದರೆ ಸಿ ಡ್ರೈವಿನ ವಿಂಡೋಸ್ ಫೋಲ್ಡರಿನೊಳಗೆ ಡೀಬಗ್ ಅನ್ನುವ ಫೋಲ್ಡರ್ ಇದೆ, ಅಲ್ಲಿ ಇದರ ಲಾಗ್ ಫೈಲ್ ಸಿಗುತ್ತದೆ. ನೋಟ್‌ಪ್ಯಾಡಿನಲ್ಲಿ ತೆರೆದು ಓದಬಹುದು.

ಇನ್ನು ಎರಡನೇ ಅಭಿಪ್ರಾಯಕ್ಕೆ ಮಾಲ್‌ವೇರ್‌ಬೈಟ್ಸ್ ಒಳ್ಳೆಯದು. ಹಾಕಿದ ತಕ್ಷಣ 14 ದಿನದ ಪ್ರೀಮಿಯಂ ಶುರುವಾದರೆ ಹೆದರಬೇಡಿ, ಮುಗಿದ ಮೇಲೆ ಅದು ಬರೀ ಸ್ಕ್ಯಾನರ್ ಆಗಿ ಉಳಿಯುತ್ತದೆ. ದುಡ್ಡು ಕೇಳುತ್ತದೆ, ಕೊಡಲೇಬೇಕು ಅಂತಿಲ್ಲ. ಬ್ರೌಸರಿನ ಕಾಟಕ್ಕೆ ಅದೇ ಕಂಪನಿಯ ಆ್ಯಡ್‌ಡಬ್ಲ್ಯುಕ್ಲೀನರ್ ಇನ್ನೂ ಚುರುಕು, ಜಾಹೀರಾತು ತುಂಬುವ ಪ್ರೋಗ್ರಾಂಗಳನ್ನು ಹಿಡಿಯುವುದಕ್ಕೇ ಮಾಡಿದ್ದು. ನಮ್ಮ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರ 2017ರಲ್ಲಿ ಶುರುವಾಯಿತು, ಅವರ ಸೈಟಿನಲ್ಲೂ ಉಚಿತ ಉಪಕರಣಗಳಿವೆ. ಎಲ್ಲವನ್ನೂ ಒಟ್ಟಿಗೆ ಹಾಕಬೇಡಿ. ಎರಡು ಸಾಕು, ಒಂದು ಮುಗಿದ ಮೇಲೆ ಇನ್ನೊಂದು.

ಸಿಕ್ಕಿದ್ದನ್ನು ಸುಮ್ನೆ ಒಟ್ಟಿಗೆ ಡಿಲೀಟ್ ಮಾಡಬೇಡಿ. ಕ್ವಾರಂಟೈನ್ ಮಾಡಿ, ಅಂದರೆ ಓಡದ ಹಾಗೆ ಬೇರೆ ಕಡೆ ಕೂಡಿಹಾಕಿ. ತಪ್ಪಾಗಿ ಹಿಡಿದಿದ್ದರೆ ಅಲ್ಲಿಂದ ವಾಪಸ್ ತರಬಹುದು. ಹೆಸರುಗಳನ್ನೂ ಓದಿ. ಪಿಯುಪಿ ಅಥವಾ ಪಿಯುಎ ಅಂತಿದ್ದರೆ ಬೇಡದ ಪ್ರೋಗ್ರಾಂ, ದೊಡ್ಡ ಅಪಾಯ ಇಲ್ಲ, ತೆಗೆದರೆ ಆಯಿತು. ಆಟೋಕೆಎಂಎಸ್ ಅಂತ ಬಂದರೆ ವಿಂಡೋಸ್ ಅಥವಾ ಆಫೀಸ್ ಕ್ರ್ಯಾಕ್ ಮಾಡಿ, ಅಂದರೆ ದುಡ್ಡು ಕೊಡದೆ ಕಳ್ಳದಾರಿಯಲ್ಲಿ ಹಾಕಿದ್ದಾರೆ ಅಂತ ಅರ್ಥ. ಟ್ರೋಜನ್ (ಒಳ್ಳೆಯದರ ವೇಷದಲ್ಲಿ ಬರುವ ವೈರಸ್), ಸ್ಟೀಲರ್ (ಪಾಸ್‌ವರ್ಡ್ ಕದಿಯುವುದು) ಅಂತ ಬಂದರೆ ಮಾತ್ರ ಗಂಭೀರ. ಆಗ ಅಪ್ಪನ ಬ್ಯಾಂಕ್ ಮತ್ತು ಇಮೇಲ್ ಪಾಸ್‌ವರ್ಡ್‌ಗಳನ್ನು ಬೇರೆ ಫೋನಿನಿಂದ ಬದಲಾಯಿಸಿ, ಎಲ್ಲ ಕಡೆಯಿಂದ ಲಾಗ್ ಔಟ್ ಮಾಡಿ. ಅದೇ ಕಂಪ್ಯೂಟರಿನಲ್ಲಿ ಬದಲಾಯಿಸಿದರೆ ಹೊಸ ಪಾಸ್‌ವರ್ಡೂ ಹೋಗಬಹುದು. ಸ್ಟೀಲರ್ ಬ್ರೌಸರಿನ ಕುಕೀಗಳನ್ನೂ (ನೀವು ಲಾಗಿನ್ ಆಗಿದ್ದೀರಿ ಅಂತ ಸೈಟು ಗುರುತಿಟ್ಟುಕೊಳ್ಳುವ ಸಣ್ಣ ಫೈಲುಗಳು) ಕದಿಯುತ್ತದೆ, ಸ್ಕ್ಯಾನರ್ ಅದನ್ನು ತೆಗೆಯಬಹುದು, ಆದರೆ ಹೋದದ್ದನ್ನು ವಾಪಸ್ ತರುವುದಿಲ್ಲ. ದುಡ್ಡು ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ತೆಗೆದದ್ದು ಕಂಪ್ಯೂಟರ್ ಹಚ್ಚಿದ ಕೂಡಲೇ ಮತ್ತೆ ಬಂದರೆ ವಿಂಡೋಸ್ ಜೊತೆಗೇ ಬರುವ ಆಂಟಿವೈರಸ್ ಆದ ಡಿಫೆಂಡರಿನ ಆಫ್‌ಲೈನ್ ಸ್ಕ್ಯಾನ್ ಓಡಿಸಿ. ವಿಂಡೋಸ್ ಸೆಕ್ಯುರಿಟಿಯ ಸ್ಕ್ಯಾನ್ ಆಪ್ಶನ್ಸ್‌ನಲ್ಲಿದೆ. ಬೇರೆ ಆಂಟಿವೈರಸ್ ಇದ್ದರೆ ಡಿಫೆಂಡರ್ ಹಿಂದೆ ಸರಿದಿರುತ್ತದೆ, ಪೀರಿಯಾಡಿಕ್ ಸ್ಕ್ಯಾನಿಂಗ್ ಆನ್ ಮಾಡಿಕೊಳ್ಳಿ. ಆಫ್‌ಲೈನ್ ಸ್ಕ್ಯಾನ್ ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ, ವಿಂಡೋಸ್ ಪೂರ್ತಿ ಏಳುವ ಮೊದಲೇ ಹುಡುಕುತ್ತದೆ. ಹಾಗಾಗಿ ವೈರಸ್ಸಿಗೆ ಅಡಗಿಕೊಳ್ಳಲು ಅವಕಾಶ ಕಡಿಮೆ. ಸುಮಾರು 15 ನಿಮಿಷ ಸಾಕು. ಫೈಲುಗಳನ್ನು ಸೇವ್ ಮಾಡಿಟ್ಟು ಒತ್ತಿ.

ಹಳೆಯ ಹಾರ್ಡ್‌ಡಿಸ್ಕ್ ಇದ್ದರೆ ಫುಲ್ ಸ್ಕ್ಯಾನಿಗೆ ಗಂಟೆಗಟ್ಟಲೆ ಬೇಕು. ಮಳೆಗಾಲದಲ್ಲಿ ನಮ್ಮ ಜಿಲ್ಲೆಯ ಕರೆಂಟಿನ ಕಥೆ ನಿಮಗೆ ಹೇಳಬೇಕಾ? ಯುಪಿಎಸ್ ಇಲ್ಲದಿದ್ದರೆ ಮೊದಲು ಕ್ವಿಕ್ ಸ್ಕ್ಯಾನ್ ಮಾಡಿ. ಏನಾದರೂ ಸಿಕ್ಕರೆ ಮಾತ್ರ ಫುಲ್ ಸ್ಕ್ಯಾನ್, ಅದೂ ಗುಡುಗು ಮಿಂಚು ಇಲ್ಲದ ದಿನ.

ಪೆನ್‌ಡ್ರೈವನ್ನು ಜನ ಮರೆಯುತ್ತಾರೆ. ಆರ್‌ಟಿಸಿ, ಆಧಾರ್ ಪ್ರಿಂಟಿಗೆ ಅಂತ ಜೆರಾಕ್ಸ್ ಅಂಗಡಿಗೆ ಹೋಗಿ ಬಂದ ಪೆನ್‌ಡ್ರೈವಿನಲ್ಲಿ ಫೋಲ್ಡರುಗಳೆಲ್ಲ ಶಾರ್ಟ್‌ಕಟ್ ಆಗಿರುತ್ತವೆ. ಫೈಲು ಹೋಯಿತು ಅಂತ ಫಾರ್ಮ್ಯಾಟ್ ಮಾಡಬೇಡಿ, ಹೆಚ್ಚಿನ ಸಲ ಅವು ಅಲ್ಲೇ ಅಡಗಿಸಿಟ್ಟಿರುತ್ತವೆ. ಶಾರ್ಟ್‌ಕಟ್ ಒತ್ತದೆ, ಕಸ್ಟಮ್ ಸ್ಕ್ಯಾನಿನಲ್ಲಿ ಪೆನ್‌ಡ್ರೈವ್ ಆರಿಸಿ ಓಡಿಸಿ. ಕಂಪ್ಯೂಟರ್ ತೊಳೆದು ಪೆನ್‌ಡ್ರೈವ್ ಹಾಗೇ ಬಿಟ್ಟರೆ ಮಾರನೆಯ ದಿನ ಮತ್ತೆ ಅದೇ ಗೋಳು. ಪ್ರಿಂಟಿಗೆ ಪಿಡಿಎಫ್ ಅನ್ನು ಇಮೇಲಿನಲ್ಲಿ ಕಳಿಸುವುದು ಇದಕ್ಕಿಂತ ಎಷ್ಟೋ ವಾಸಿ.

ಹಾಗಾದರೆ ಫಾರ್ಮ್ಯಾಟ್ ಯಾವಾಗ? ಆಫ್‌ಲೈನ್ ಸ್ಕ್ಯಾನ್ ಆದ ಮೇಲೂ ಅದೇ ಹೆಸರು ಮತ್ತೆ ಬಂದರೆ, ಅಥವಾ ಬ್ಯಾಂಕ್ ವ್ಯವಹಾರ ಮಾಡುವ ಕಂಪ್ಯೂಟರಿನಲ್ಲಿ ಸ್ಟೀಲರ್ ಸಿಕ್ಕರೆ ನಾನೂ ಫಾರ್ಮ್ಯಾಟ್ ಅನ್ನುತ್ತೇನೆ. ಫೈಲುಗಳೆಲ್ಲ ಲಾಕ್ ಆಗಿ ದುಡ್ಡು ಕೇಳುತ್ತಿದ್ದರೆ ಮಾತ್ರ ಆತುರ ಬೇಡ. ಅದು ರಾನ್ಸಮ್‌ವೇರ್, ಸ್ಕ್ಯಾನರ್ ವೈರಸ್ ತೆಗೆದರೂ ಲಾಕ್ ಬಿಡಿಸುವುದಿಲ್ಲ. ಆ ಫೈಲುಗಳನ್ನು ಬೇರೆ ಡಿಸ್ಕಿಗೆ ತೆಗೆದಿಟ್ಟು, ‘ನೋ ಮೋರ್ ರಾನ್ಸಮ್’ ಸೈಟಿನಲ್ಲಿ ಬಿಡಿಸುವ ಉಪಕರಣ ಇದೆಯಾ ಅಂತ ನೋಡಿ.

ಅಂಗಡಿಗೆ ಕೊಡುವುದೇ ಆದರೆ ಒಂದು ಮಾತು ಕೇಳಿ: ಹಾಕುವ ವಿಂಡೋಸ್ ಅಸಲಿಯಾ? ಕ್ರ್ಯಾಕ್ ಮಾಡಿದ್ದು ಹಾಕಿಕೊಟ್ಟರೆ ತೆಗೆಸಿದ ಕೊಳೆಯನ್ನೇ ದುಡ್ಡು ಕೊಟ್ಟು ಮನೆಗೆ ತಂದ ಹಾಗೆ. ಮೊದಲೇ ಅಸಲಿ ವಿಂಡೋಸ್ ಇದ್ದ ಕಂಪ್ಯೂಟರಿಗೆ ಮೈಕ್ರೋಸಾಫ್ಟಿನ ಮೀಡಿಯಾ ಕ್ರಿಯೇಶನ್ ಟೂಲಿನಿಂದ ಮತ್ತೆ ಅದೇ ಆವೃತ್ತಿ ಹಾಕಿದರೆ ಸಾಮಾನ್ಯವಾಗಿ ಇಂಟರ್ನೆಟ್ ಸಿಕ್ಕ ಕೂಡಲೇ ತಾನೇ ಆ್ಯಕ್ಟಿವೇಟ್ ಆಗುತ್ತದೆ, ಹೊಸ ಕೀ ಕೊಳ್ಳುವುದು ಬೇಡ. ನಿಮ್ಮದು ವಿಂಡೋಸ್ 10 ಆಗಿದ್ದರೆ ಅದರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ. ಕಂಪ್ಯೂಟರಿಗೆ ತಾಕತ್ತಿದ್ದರೆ ಅದೇ ಹೊತ್ತಿಗೆ 11 ಹಾಕಿಸಿಕೊಳ್ಳಿ. ಹಾಕಿಸುವ ಮೊದಲು ಅಪ್ಪನ ಫೋಟೋ, ನುಡಿಯಲ್ಲಿ ಟೈಪ್ ಮಾಡಿದ ಕಡತಗಳು, ಅವಕ್ಕೆ ಬೇಕಾದ ಫಾಂಟುಗಳು ಎಲ್ಲವನ್ನೂ ಬೇರೆ ಡಿಸ್ಕಿಗೆ ಹಾಕಿ, ಆ ಡಿಸ್ಕನ್ನೂ ಒಮ್ಮೆ ಸ್ಕ್ಯಾನ್ ಮಾಡಿ.