ಹೊಸಬರ ಕ್ಲಾಸಿಗೆ ಮೊದಲ ರೂಲ್ ಟೈರಿನದ್ದು

ಹೊಸಬರ ಆರ್‌ಸಿ ಕಾರ್ (ರಿಮೋಟಿನಿಂದ ಓಡಿಸುವ ಪುಟ್ಟ ಕಾರ್) ರೇಸಿನ ಕ್ಲಾಸಿಗೆ, ಅಂದರೆ ವಿಭಾಗಕ್ಕೆ, ಎಲ್ಲರಿಗೂ ಇಂಥದ್ದೇ ಮೋಟಾರ್ ಎಂದಷ್ಟೇ ಫಿಕ್ಸ್ ಮಾಡಿದರೆ ಖರ್ಚು ಹಿಡಿತಕ್ಕೆ ಬರುತ್ತದಾ ಎಂದು ಕೇಳಿದ್ದೀರಿ. ಬರುವುದಿಲ್ಲ. ಮೊದಲು ಟೈರ್ ಫಿಕ್ಸ್ ಮಾಡಿ. ದುಡ್ಡು ಸೋರುವುದು ಅಲ್ಲೇ. ಯಾವ ಟೈರ್ ಬೇಕಾದರೂ ಹಾಕಬಹುದು ಎಂದರೆ ಪ್ರತಿ ರೇಸಿಗೂ ಹೊಸ ಸೆಟ್ ತರುವವರೇ ಮುಂದೆ ಹೋಗುತ್ತಾರೆ. ಎಲ್ಲರಿಗೂ ಒಂದೇ ಟೈರ್ ಇರಲಿ, ಬೇಗ ಸವೆಯದ ಗಟ್ಟಿ ರಬ್ಬರಿನದ್ದು. ಹಿಡಿತ ಸ್ವಲ್ಪ ಕಡಿಮೆ ಆದರೂ ಪರವಾಗಿಲ್ಲ, ಥ್ರಾಟಲ್ ಹದವಾಗಿ ಒತ್ತುವುದನ್ನು ಅದೇ ಕಲಿಸುತ್ತದೆ. ಗ್ರಿಪ್ಪಿಗೆಂದು ಟೈರಿಗೆ ಹಚ್ಚುವ ದ್ರವ ಬೇಡವೇ ಬೇಡ.

1/10 ಸೈಜಿನ (ನಿಜವಾದ ಕಾರಿನ ಹತ್ತನೇ ಒಂದು ಅಳತೆಯ) ಕಾರಿಗೆ ಬಿಚ್ಚಲು ಬಾರದ 540 ಸೈಜಿನ ಬ್ರಶ್ಡ್ (ಒಳಗೆ ಕಾರ್ಬನ್ ಬ್ರಶ್ ಇರುವ) ಮೋಟಾರ್ ಸಾಕು. ಆದರೆ ಗೇರ್ ಅನುಪಾತಕ್ಕೂ ಮಿತಿ ಹಾಕಿ. ಇಲ್ಲದಿದ್ದರೆ ಜಾಸ್ತಿ ಸ್ಪೀಡ್ ಬೇಕೆಂದು ದೊಡ್ಡ ಪಿನಿಯನ್ (ಮೋಟಾರಿನ ಶಾಫ್ಟಿಗೆ ಹಾಕುವ ಗೇರ್) ಹಾಕುತ್ತಾರೆ, ಮೋಟಾರ್ ಕಾದು ಸುಟ್ಟುಹೋಗುತ್ತದೆ. ಆಮೇಲೆ ಮತ್ತೆ ಖರ್ಚು, ಅಲ್ವಾ?

ಬ್ಯಾಟರಿ ಗಟ್ಟಿ ಕವಚದ 2ಎಸ್ ಲೈಪೋ (ಎರಡು ಸೆಲ್ಲಿನ ಲಿಥಿಯಂ ಪಾಲಿಮರ್) ಇರಲಿ. ಫುಲ್ ಚಾರ್ಜ್ ಆದಾಗ 8.40 ವೋಲ್ಟ್ ಮೀರಬಾರದು. ಒಂದು ಮಲ್ಟಿಮೀಟರ್ ಇದ್ದರೆ ಸಾಲಿನಲ್ಲೇ ಎಲ್ಲರದ್ದೂ ನೋಡಿಬಿಡಬಹುದು. ಚಾರ್ಜ್ ಮಾಡುವಾಗ ಲೈಪೋ ಬ್ಯಾಗ್ (ಬ್ಯಾಟರಿ ಇಡುವ, ಬೆಂಕಿ ತಡೆಯುವ ಚೀಲ) ಕಡ್ಡಾಯ, ಇದರಲ್ಲಿ ಮಾತ್ರ ರಿಯಾಯಿತಿ ಕೊಡಬೇಡಿ.

ಬಾಡಿ, ಬಣ್ಣ, ರಿಮೋಟ್ ಇವಕ್ಕೆಲ್ಲ ಸುಮ್ನೆ ರೂಲ್ ಬರೆಯಬೇಡಿ. ರೇಸಿನ ದಿನ ಚೆಕ್ ಮಾಡಲಾಗದ ರೂಲ್ ಜಗಳಕ್ಕೆ ದಾರಿ, ಅಷ್ಟೇ.

ಇನ್ನೊಂದು, ಒಬ್ಬರೇ ಮೇಲಿಂದ ಮೇಲೆ ಗೆಲ್ಲುತ್ತಿದ್ದರೆ ಅವರನ್ನು ಮೇಲಿನ ಕ್ಲಾಸಿಗೆ ಕಳಿಸಿ. ಎಷ್ಟು ಗೆಲುವಿಗೆ ಎನ್ನುವುದನ್ನು ಸೀಸನ್ ಶುರುವಾಗುವ ಮುಂಚೆಯೇ ಬರೆದು ಹಾಕಿ.