‘ದೇವರ ಸೇತುವೆ’ ಬರೆದವರಿಗೆ

ನಮಸ್ಕಾರ. ನಿಮ್ಮ ಪ್ರವಾಸ ಲೇಖನದಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್‌ನಿಂದ ಕೊಲಂಬಿಯಾ ನದಿ ಪಕ್ಕದಲ್ಲೇ ಸಾಗುವ ದಾರಿಯನ್ನು ಚೆನ್ನಾಗಿ ಬರೆದಿದ್ದೀರಿ. ಭಾಷೆ ಸರಾಗವಾಗಿದೆ. ಇನ್ನು ಜಗಳ, ಅದೂ ಆ ನದಿಗೆ ಹಿಂದೊಮ್ಮೆ ದೇವರೇ ಹಾಕಿದ್ದನೆಂಬ ಸೇತುವೆಯ ಕಥೆ ಬಗ್ಗೆ.

“ಇಲ್ಲಿನ ಮೂಲನಿವಾಸಿಗಳಲ್ಲಿ ಒಂದು ಸ್ವಾರಸ್ಯಕರ ಕಟ್ಟುಕಥೆಯಿದೆ.” ಯಾವ ಮೂಲನಿವಾಸಿಗಳು? ಕ್ಲಿಕಿಟಾಟ್ ಜನ ಅಂತ ಬರೆಯೋಕೆ ಏನು ಕಷ್ಟ?

“ಇಬ್ಬರು ಸಹೋದರರು ಒಬ್ಬ ಸುಂದರಿಗಾಗಿ ಕಾದಾಡಿದರು, ಸೇತುವೆ ಕುಸಿಯಿತು.” ಅಷ್ಟೇನಾ? ವೈಈಸ್ಟ್, ಪಾಟೊ ಇಬ್ಬರೂ ಕಾದ ಬಂಡೆ ಎಸೆದಾಡಿದ್ದು, ಕೊನೆಗೆ ಮೂವರೂ ಬೆಟ್ಟಗಳಾಗಿದ್ದು ಎಲ್ಲಿ ಹೋಯ್ತು? ವೈಈಸ್ಟ್ ಅಂದರೆ ಮೌಂಟ್ ಹುಡ್. ಪಾಟೊ, ಮೌಂಟ್ ಆಡಮ್ಸ್. ಆ ಸುಂದರಿ ಲೂವಿಟ್, ಮೌಂಟ್ ಸೇಂಟ್ ಹೆಲೆನ್ಸ್. ಮೂರೂ ಜ್ವಾಲಾಮುಖಿಗಳು. ಲೂವಿಟ್ 1980ರ ಮೇ 18ರಂದು ಸಿಡಿದೇಬಿಟ್ಟಳು. ಕಥೆಯಲ್ಲಿ ಬೆಂಕಿ ಯಾಕಿದೆ ಅಂತ ಓದುಗನಿಗೆ ತಾನಾಗೇ ಹೊಳೆಯುತ್ತಿತ್ತು. ನೀವು ಅದನ್ನೇ ಕತ್ತರಿಸಿದ್ದೀರಿ.

ಆಮೇಲೆ ನನ್ನನ್ನು ಕೆರಳಿಸಿದ ಸಾಲು: “ಆದರೆ ವೈಜ್ಞಾನಿಕ ಸತ್ಯವೇ ಬೇರೆ.” ಬೇರೆ ಹೇಗೆ? ಸುಮಾರು 1450ರಲ್ಲಿ ಉತ್ತರ ದಂಡೆಯ ಟೇಬಲ್ ಮೌಂಟನ್ ಕಡೆಯಿಂದ ಗುಡ್ಡ ಜರಿದು ನದಿಗೆ ಅಡ್ಡ ಬಿತ್ತು ಅಂತ ನೀವೇ ಬರೆದಿದ್ದೀರಿ. ಅಂದಮೇಲೆ ಜನ ಕಾಲು ಒದ್ದೆಯಾಗದೆ ಆಚೆ ದಡಕ್ಕೆ ನಡೆದಿರಬಹುದು, ಅಲ್ವಾ? ಅಡ್ಡ ಬಿದ್ದ ಮಣ್ಣಿನ ಹಿಂದೆ ನೀರು ನಿಂತು ಕಾಡು ಮುಳುಗಿತು. ಕೊನೆಗೆ ನದಿ ಆ ಅಡ್ಡವನ್ನು ಒಡೆದು ನುಗ್ಗಿತು. 1805ರಲ್ಲಿ ಅನ್ವೇಷಕರಾದ ಲೂಯಿಸ್ ಮತ್ತು ಕ್ಲಾರ್ಕ್ ಬಂದಾಗಲೂ ಸತ್ತ ಮರಗಳ ಬುಡ ನೀರಿನಲ್ಲೇ ನಿಂತಿದ್ದವು. ಆ ಮರಗಳಿಂದಲೇ ಗುಡ್ಡ ಜರಿದ ಕಾಲ ಗೊತ್ತಾಗಿದ್ದು. ಇಷ್ಟು ದೊಡ್ಡ ಸಂಗತಿಯನ್ನು ಕೊನೇ ಪ್ಯಾರಾದಲ್ಲಿ, ಅದೂ ಆವರಣದೊಳಗೆ ತುರುಕಿದ್ದೀರಿ!

ನಾನು ಪತ್ರಿಕೆ ಸೇರಿದ ಹೊಸತರಲ್ಲಿ ನಮ್ಮ ಹಿರಿಯ ಉಪಸಂಪಾದಕರೊಬ್ಬರು ಸ್ಥಳಪುರಾಣದ ಲೇಖನ ಕೊಟ್ಟರೆ ಒಂದೇ ಪ್ರಶ್ನೆ ಕೇಳುತ್ತಿದ್ದರು: “ಈ ಕಥೆ ಮೊದಲು ಹೇಳಿದವನು ಏನನ್ನು ನೋಡಿದ್ದನಪ್ಪಾ?” ಉತ್ತರ ಇಲ್ಲದಿದ್ದರೆ ಹಾಳೆ ವಾಪಸ್. ತಿದ್ದುತ್ತಲೂ ಇರಲಿಲ್ಲ, ಬೈಯುತ್ತಲೂ ಇರಲಿಲ್ಲ, ಸುಮ್ನೆ ಕನ್ನಡಕ ಒರೆಸಿಕೊಳ್ಳುತ್ತಾ ಕೂರುತ್ತಿದ್ದರು. ನನಗೆ ಮೈಯೆಲ್ಲಾ ಉರಿಯುತ್ತಿತ್ತು. ಕ್ಯಾಂಟೀನಿಗೆ ಹೋಗಿ ಅವರನ್ನು ಬೈದುಕೊಂಡು, ಕಾಫಿ ಕುಡಿದು, ಮತ್ತೆ ಬರೆಯುತ್ತಿದ್ದೆ.

ನಿಮಗೂ ಅದೇ ಪ್ರಶ್ನೆ. ನೀರಲ್ಲಿ ನಿಂತ ಆ ಮರಗಳಿಂದ ಶುರು ಮಾಡಿ. ಈಗ ಅಲ್ಲಿ ಅದೇ ಹೆಸರಿನಲ್ಲಿರುವ 1926ರ ಉಕ್ಕಿನ ಸೇತುವೆಗೆ ಎರಡು ಸಾಲು ಸಾಕು, ಟೋಲ್ ಎಷ್ಟು ಅನ್ನುವುದು ಬೇಡವೇ ಬೇಡ. ಸೆಲ್ಫಿಗಳನ್ನೂ ಕಳಿಸಬೇಡಿ.