ಬಿಎಂಡಬ್ಲ್ಯು ಆರ್ 1250 ಜಿಎಸ್ ಬೈಕ್ ತಗೊಳ್ಳಬೇಕಾ, ಅದರ ಅಡ್ವೆಂಚರ್ ಮಾದರಿ ತಗೊಳ್ಳಬೇಕಾ?

ಹೆಚ್ಚಿನವರಿಗೆ ಸಾದಾ ಜಿಎಸ್ ಸಾಕು. ಪೆಟ್ರೋಲ್ ಬಂಕ್ ಅಪರೂಪವಾಗಿರುವ ದಾರಿಗಳಲ್ಲಿ ಪದೇಪದೇ ಓಡಾಡುವವರು, ಕಾಲು ಉದ್ದ ಇರುವವರು ಅಡ್ವೆಂಚರ್ ನೋಡಬಹುದು.

ಎಂಜಿನ್ ಎರಡರಲ್ಲೂ ಒಂದೇ: 1254 ಸಿಸಿ, 136 ಅಶ್ವಶಕ್ತಿ. ವ್ಯತ್ಯಾಸ ಇರುವುದು ಟ್ಯಾಂಕ್, ತೂಕ ಮತ್ತು ಎತ್ತರದಲ್ಲಿ. ಜಿಎಸ್ ಟ್ಯಾಂಕ್ 20 ಲೀಟರ್, ಅಡ್ವೆಂಚರ್‌ದು 30. ಪೆಟ್ರೋಲ್ ಸಮೇತ ತೂಕ ಸುಮಾರು 249 ಕೆಜಿ ಮತ್ತು 268 ಕೆಜಿ. ಮಾಮೂಲಿ ಸೀಟಿನ ಎತ್ತರ 850 ಮಿಮೀ ಮತ್ತು 890 ಮಿಮೀ.

19 ಕೆಜಿ ಏನು ಮಹಾ ಅನಿಸಬಹುದು. ಆದರೆ ಆ ತೂಕ ಎಲ್ಲಿದೆ ಅನ್ನೋದು ಮುಖ್ಯ. ಹೆಚ್ಚುವರಿ 10 ಲೀಟರ್ ಪೆಟ್ರೋಲ್ ಅಂದರೆ ಏಳು ಕೆಜಿಗೂ ಜಾಸ್ತಿ, ಅದೂ ಬೈಕಿನ ಮೇಲ್ಭಾಗದಲ್ಲಿ. ತೂಕ ಮೇಲಿದ್ದಷ್ಟೂ ಬೈಕ್ ಸ್ವಲ್ಪ ವಾಲಿದರೂ ಬೀಳಿಸುವ ಸೆಳೆತ ಹೆಚ್ಚು. ವೇಗದಲ್ಲಿ ಇದು ಅಷ್ಟಾಗಿ ತಿಳಿಯುವುದಿಲ್ಲ. ಇಳಿಜಾರಿನಲ್ಲಿ ನಿಲ್ಲಿಸುವಾಗ, ಕಲ್ಲುದಾರಿಯಲ್ಲಿ ನಿಧಾನಕ್ಕೆ ತಿರುಗಿಸುವಾಗ ತಿಳಿಯುತ್ತದೆ. ಅಷ್ಟರಲ್ಲಿ ಕಾಲು ನೆಲಕ್ಕೆ ಸರಿಯಾಗಿ ಎಟುಕದಿದ್ದರೆ ಕತೆ ಮುಗೀತು!

ಅಡ್ವೆಂಚರ್‌ನಲ್ಲಿ ಗುಂಡಿಗಳ ಹೊಡೆತ ತಡೆಯುವ ಸಸ್ಪೆನ್ಷನ್ 20 ಮಿಮೀ ಹೆಚ್ಚು ಆಡುತ್ತದೆ, ಗಾಳಿಯ ಹೊಡೆತವೂ ಕಡಿಮೆ. ದೂರದ ಪಯಣಕ್ಕೆ ಇವು ನಿಜವಾದ ಲಾಭಗಳೇ. "ಅರ್ಧ ಟ್ಯಾಂಕ್ ಹಾಕಿಸಿದರಾಯ್ತು" ಎನ್ನುವವರೂ ಇದ್ದಾರೆ. ತೂಕವೇನೋ ಇಳಿಯುತ್ತದೆ, ಸೀಟು ಇಳಿಯುವುದಿಲ್ಲ ಅಲ್ವಾ?

ಶೋರೂಮಿನ ಬೈಕಿನಲ್ಲಿ ಸಾಮಾನ್ಯವಾಗಿ ಟ್ಯಾಂಕ್ ಖಾಲಿ, ನೆಲ ಸಮತಟ್ಟು. ಸುಮ್ನೆ ಅಲ್ಲಿ ಕೂತು ನೋಡಿ ತೀರ್ಮಾನಿಸಬೇಡಿ. ತುಂಬಿದ ಟ್ಯಾಂಕ್, ಹಿಂದೆ ಒಬ್ಬರು, ಇಳಿಜಾರಿನಲ್ಲಿ ಒಂದು ಯು-ಟರ್ನ್: ಇಷ್ಟು ಮಾಡಿ ನೋಡಿ.